ಘಟ್ಟದಲ್ಲಿ ಕಾಯದ ಕಾರು ಹೆದ್ದಾರಿಯಲ್ಲಿ ಕಾದದ್ದು ಯಾಕೆ? ಬಂಪರ್ ಕೆಳಗಿನ ರಬ್ಬರ್ ಪಟ್ಟಿಯ ಒಂದು ಪ್ರಕರಣ

"ತಮ್ಮಾ, ಇದಕ್ಕೆ ಉಲ್ಟಾ ಕಾಯಿಲೆ. ದೇವಿಮನೆ ಘಟ್ಟ ಹತ್ತುವಾಗ ಎಂತ ಇಲ್ಲ. ಕೆಳಗೆ ಸಪಾಟು ರಸ್ತೆಯಲ್ಲಿ ಹೋಗುವಾಗ ಕೆಂಪು ಲೈಟು ಬರ್ತದೆ."

ಏಪ್ರಿಲ್ ಮೊದಲ ವಾರ ನಮ್ಮ ಗ್ಯಾರೇಜಿಗೆ ಬಂದ ಕಾರಿನ ಯಜಮಾನರು ಕೀಲಿ ನನ್ನ ಕೈಗೆ ಕೊಡುತ್ತಾ ಹೀಗೆ ಹೇಳಿದರು. ಶಿರಸಿಯಿಂದ ಹತ್ತು ಕಿಲೋಮೀಟರ್ ಒಳಗೆ ಅವರ ಅಡಿಕೆ ತೋಟ. ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, 68 ಸಾವಿರ ಕಿ.ಮೀ. ಓಡಿದೆ. ಮಗಳು ಕಾರವಾರದಲ್ಲಿ ಕೆಲಸದಲ್ಲಿದ್ದಾಳೆ, ಹದಿನೈದು ದಿನಕ್ಕೊಮ್ಮೆ ಗಂಡ ಹೆಂಡತಿ ಇಬ್ಬರೂ ಹೋಗಿ ಬರುತ್ತಾರೆ. ದೇವಿಮನೆ ಇಳಿದು, ಕತಗಾಲ ದಾಟಿ ಹೆದ್ದಾರಿಗೆ ಬಿದ್ದು, ಮಿರ್ಜಾನ್, ಅಂಕೋಲಾ ಮೇಲೆ ಕಾರವಾರ. ಬರುವಾಗಲೂ ಅದೇ ದಾರಿ.

ಎಂಜಿನ್ ವಿಪರೀತ ಬಿಸಿಯಾದರೆ ಹೊತ್ತುವ ಕೆಂಪು ಲೈಟು ಮಾರ್ಚಿನಿಂದ ಮೂರು ಸಲ ಬಂದಿತ್ತು. ಮೂರೂ ಸಲ ಅಂಕೋಲಾ ದಾಟಿದ ಮೇಲೆ, ಮೂರೂ ಸಲ ಎ.ಸಿ. ಹಾಕಿಕೊಂಡು 85-90ರಲ್ಲಿ ಹೋಗುವಾಗ. ಕೊನೆಯ ಸಲ ಅವರ್ಸಾ ಹತ್ತಿರ ಮುಕ್ಕಾಲು ಗಂಟೆ ರಸ್ತೆ ಬದಿಯಲ್ಲಿ ನಿಂತಿದ್ದರಂತೆ. ಮಧ್ಯಾಹ್ನದ ಬಿಸಿಲು, ಜೊತೆಗೆ ನಾಲ್ಕು ವರ್ಷದ ಮೊಮ್ಮಗಳು. ಅಜ್ಜಿ ಕೊಡೆ ಹಿಡಿದು ಮಗುವನ್ನು ನೆರಳಲ್ಲಿ ನಿಲ್ಲಿಸಿಕೊಂಡಿದ್ದರು. ಅದನ್ನು ಹೇಳುವಾಗ ಯಜಮಾನರ ದನಿ ಸಣ್ಣಗಾಯಿತು.

ಅಷ್ಟರಲ್ಲಿ ದಾರಿಯ ಬೇರೊಂದು ಗ್ಯಾರೇಜಿನಲ್ಲಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರು, ಬದಲಾಯಿಸಿದ್ದರು. ಆ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಹೊಸತು, ರೇಡಿಯೇಟರ್ ಕ್ಯಾಪ್ ಹೊಸತು. ಆಮೇಲೂ ಲೈಟು ಬಂದಾಗ "ಇನ್ನು ಹೆಡ್ ಬಿಚ್ಚಿ ಗ್ಯಾಸ್ಕೆಟ್ ನೋಡಬೇಕು" ಅಂದಿದ್ದಾರೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿ ಅದರ ಅಡಿಯ ಸೀಲು ನೋಡುವುದು ಅಂದರೆ ಕಾರಿನ ಯಜಮಾನರಿಗೆ ಎದೆ ಧಸಕ್ಕೆನ್ನುವ ಮಾತು. ಅದಕ್ಕೇ ಅವರು ವಾಪಸ್ ನಮ್ಮಲ್ಲಿಗೆ ಬಂದಿದ್ದರು.

ಒಂದು ಮಾತನ್ನು ಅವರು ಹೋಗುವ ಮುಂಚೆ ಸುಮ್ನೆ ಹೇಳಿದಂತೆ ಹೇಳಿದರು. "ಲೈಟು ಬಂದ ಕೂಡಲೇ 50ಕ್ಕೆ ಇಳಿಸಿದ್ರೆ ಸ್ವಲ್ಪ ಹೊತ್ತಿಗೆ ಅದೇ ಹೋಗ್ತದೆ." ಇಡೀ ಪ್ರಕರಣದ ಕೀಲಿ ಆ ಮಾತಿನಲ್ಲೇ ಇತ್ತು. ನನಗೆ ಅವತ್ತು ಹೊಳೆಯಲಿಲ್ಲ.

ಮೊದಲು ನೀರು ನೋಡಿದೆವು

ಗ್ಯಾರೇಜಿನಲ್ಲಿ ಹುಡುಗರಿಗೆ ಮೊದಲು ಹೇಳಿಕೊಡುವ ಪಾಠ ಒಂದಿದೆ. ನಿಂತಾಗ ಹೀಟ್ ಆದರೆ ಫ್ಯಾನ್ ನೋಡು, ಓಡುವಾಗ ಹೀಟ್ ಆದರೆ ನೀರು ನೋಡು. ಕಾರು ನಿಂತಿರುವಾಗ ರೇಡಿಯೇಟರ್ ಮೂಲಕ ಗಾಳಿ ಎಳೆಯುವುದು ಫ್ಯಾನ್ ಮಾತ್ರ. ಓಡುವಾಗ ಗಾಳಿ ತಾನಾಗಿಯೇ ಬರುತ್ತದೆ, ಆಗಲೂ ಕಾಯುತ್ತಿದೆ ಅಂದರೆ ನೀರು ಸರಿಯಾಗಿ ತಿರುಗುತ್ತಿಲ್ಲ ಅಂತ ಲೆಕ್ಕ. ಈ ಪಾಠ ಹತ್ತರಲ್ಲಿ ಒಂಬತ್ತು ಸಲ ಸರಿ.

ಹಾಗಾಗಿ ನೀರಿನ ದಾರಿಯನ್ನು ಪೂರ್ತಿ ನೋಡಿದೆವು. ಕೂಲಂಟ್ ಮಟ್ಟ ಸರಿ. ಎಂಜಿನ್ ರೇಸ್ ಮಾಡಿದಾಗ ಕೆಳಗಿನ ಹೋಸ್ ಒಳಕ್ಕೆ ಚಪ್ಪಟೆಯಾಗುತ್ತಿಲ್ಲ. ಕೂಲಂಟ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿಲ್ಲ, ಅಂದರೆ ಗ್ಯಾಸ್ಕೆಟ್ ಮೇಲೆ ಅನುಮಾನ ಪಡುವ ಕಾರಣ ಇಲ್ಲ. ಶಾಖ ಅಳೆಯುವ ಗನ್ ಹಿಡಿದು ರೇಡಿಯೇಟರನ್ನು ಮೂಲೆಯಿಂದ ಮೂಲೆಗೆ ನೋಡಿದೆ, ಎಲ್ಲೂ ತಣ್ಣನೆಯ ಪಟ್ಟೆ ಸಿಗಲಿಲ್ಲ. ಒಳಗೆ ಕಟ್ಟಿಕೊಂಡಿದ್ದರೆ ಹಾಗೆ ಪಟ್ಟೆ ಸಿಗುತ್ತದೆ. ಕೂಲಂಟಿನ ಶಾಖ ಓದುವ ಸ್ಕ್ಯಾನರ್ ಹಾಕಿ ಕಾರನ್ನು ನಿಲ್ಲಿಸಿಯೇ ಕಾಯಿಸಿದೆವು. 97 ಡಿಗ್ರಿಗೆ ಫ್ಯಾನ್ ತಿರುಗಿತು, 92ಕ್ಕೆ ನಿಂತಿತು. ಹುಲೇಕಲ್ ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದೆ. 95 ದಾಟಲಿಲ್ಲ.

ದಾಟುವುದಾದರೂ ಹೇಗೆ? ಆ ರಸ್ತೆಯಲ್ಲಿ ಯಾರೂ 50ರ ಮೇಲೆ ಹೋಗುವುದಿಲ್ಲ.

ಎರಡನೇ ದಿನ ಕಾರನ್ನು ಲಿಫ್ಟಿಗೆ ಹಾಕಿ ಕೆಳಗಿನಿಂದ ನೋಡುತ್ತಿದ್ದೆ. ಮುಂದಿನ ಬಂಪರಿನ ಕೆಳ ಅಂಚಿನಲ್ಲಿ ಸಾಲಾಗಿ ಏಳು ತೂತು. ಎರಡರಲ್ಲಿ ಕ್ಲಿಪ್ಪಿನ ತಲೆ ಮುರಿದು ಉಳಿದಿತ್ತು. ಬಲಗಡೆ ಕೊನೆಯ ತೂತಿನ ಹತ್ತಿರ ಎರಡು ಬೆರಳಿನಷ್ಟು ಕಪ್ಪು ರಬ್ಬರು ಅಂಟಿಕೊಂಡಿತ್ತು. ಅದರ ಅಂಚು ನೀಟಾಗಿತ್ತು. ಕಲ್ಲಿಗೆ ತಾಗಿ ಹರಿದದ್ದಲ್ಲ, ಚಾಕುವಿನಿಂದ ಕೊಯ್ದದ್ದು.

ಕೊಯ್ದದ್ದು ನಮ್ಮ ಗ್ಯಾರೇಜಿನಲ್ಲೇ. ಹೋದ ಆಗಸ್ಟಿನಲ್ಲಿ.

ನೆನಪಾಯಿತು. ಅವರ ಮನೆಗೆ ಹೋಗುವ ಮಣ್ಣಿನ ರಸ್ತೆಯಲ್ಲಿ ಚಿರೆಕಲ್ಲು ಎದ್ದು ನಿಂತಿದೆ. ಮಳೆಗಾಲದಲ್ಲಿ ಮಣ್ಣು ಕೊಚ್ಚಿಹೋಗಿ ಕಲ್ಲು ಇನ್ನಷ್ಟು ಎತ್ತರ ಆಗುತ್ತದೆ. ಬಂಪರ್ ಕೆಳಗಿನ ರಬ್ಬರ್ ಪಟ್ಟಿ ಅದಕ್ಕೆ ಸಿಕ್ಕಿ ಅರ್ಧ ಕಿತ್ತು ನೇತಾಡುತ್ತಿತ್ತು, ನೆಲಕ್ಕೆ ಉಜ್ಜಿ ಸದ್ದು ಬರುತ್ತಿತ್ತು. ನಮ್ಮ ಹುಡುಗ ಕೇಳಿದ, "ಅಣ್ಣ, ಇದನ್ನ ಕೊಯ್ದು ತೆಗೀಲಾ?" ಯಜಮಾನರೂ ಅಲ್ಲೇ ಇದ್ದರು, "ಇದು ಎಂತಕ್ಕೆ ಇರೋದು?" ಅಂದರು. ನಾನು ಬೇರೆ ಕಾರಿನ ಕೆಳಗೆ ಇದ್ದೆ. ಅಲ್ಲಿಂದಲೇ ಹೇಳಿದೆ: "ತೆಗಿ, ಅದು ಸುಮ್ನೆ ಶೋಗೆ."

ನನ್ನ ಆ ಮಾತು ತಪ್ಪಾಗಿತ್ತು. ಎಷ್ಟು ತಪ್ಪು ಅಂತ ಅಳೆದು ನೋಡಿ ಯಜಮಾನರಿಗೆ ಹೇಳಬೇಕು ಅನ್ನಿಸಿತು.

ಆ ಪಟ್ಟಿ ಮಾಡುವ ಕೆಲಸ

ಅದಕ್ಕೆ ಕಂಪನಿಯವರು ಏರ್ ಡಿಫ್ಲೆಕ್ಟರ್ ಅನ್ನುತ್ತಾರೆ, ಕೆಲವರು ಏರ್ ಡ್ಯಾಮ್ ಅನ್ನುತ್ತಾರೆ. ನಮ್ಮ ಕಡೆ ಬಂಪರ್ ಲಿಪ್, ಕೆಳಗಿನ ರಬ್ಬರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನಾಲ್ಕರಿಂದ ಆರು ಸೆಂಟಿಮೀಟರ್ ಎತ್ತರದ, ಬಗ್ಗುವ ಪಟ್ಟಿ. ನೋಡಿದರೆ ಏನೂ ಮಾಡುವುದಿಲ್ಲ ಅನ್ನಿಸುತ್ತದೆ. ಯಾವ ವೈರೂ ಹೋಗಿಲ್ಲ, ಯಾವ ಪೈಪೂ ಬಂದಿಲ್ಲ.

ಮನೆಯಲ್ಲಿ ಸೆಕೆ ಆದಾಗ ನಾವು ಏನು ಮಾಡುತ್ತೇವೆ? ಮುಂದಿನ ಬಾಗಿಲು ತೆಗೆಯುತ್ತೇವೆ. ಅಷ್ಟಕ್ಕೇ ಗಾಳಿ ಬರುವುದಿಲ್ಲ. ಹಿತ್ತಿಲ ಬಾಗಿಲನ್ನೂ ತೆಗೆಯಬೇಕು. ಒಳಗೆ ಬಂದ ಗಾಳಿ ಹೊರಗೆ ಹೋಗಲು ದಾರಿ ಇದ್ದರೆ ಮಾತ್ರ ಜಗುಲಿಯಿಂದ ಅಡುಗೆಮನೆವರೆಗೆ ಗಾಳಿ ಹಾಯುತ್ತದೆ. ಹಿತ್ತಿಲ ಕಡೆಯಿಂದಲೂ ಜೋರು ಗಾಳಿ ಒಳಗೆ ನುಗ್ಗಿದರೆ? ಎರಡೂ ನಡುಮನೆಯಲ್ಲಿ ಎದುರುಬದುರಾಗಿ ನಿಂತುಬಿಡುತ್ತವೆ.

ಕಾರಿನ ಬಾನೆಟ್ ಒಳಗೂ ಹೀಗೇ. ಗ್ರಿಲ್ ಮುಂದಿನ ಬಾಗಿಲು. ಗಾಳಿ ಅಲ್ಲಿಂದ ಬಂದು ಮೊದಲು ಎ.ಸಿ.ಯ ಬಿಸಿ ಹೊರಹಾಕುವ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್ ದಾಟಿ, ಎಂಜಿನ್ ಸುತ್ತ ಹಾದು ಕೆಳಗಿನಿಂದ ಹೊರಗೆ ಹೋಗಬೇಕು. ಎಂಜಿನ್ ಕೆಳಗಿನ ಜಾಗವೇ ಅದರ ಹಿತ್ತಿಲ ಬಾಗಿಲು. ಬಂಪರ್ ಕೆಳಗಿನ ಪಟ್ಟಿ ಆ ಹಿತ್ತಿಲ ಬಾಗಿಲಿಗೆ ಕಟ್ಟಿದ ಮರೆ. ಎದುರಿನಿಂದ ಬಂದ ಗಾಳಿ ಕಾರಿನ ಅಡಿಗೆ ನೇರ ನುಗ್ಗದಂತೆ ತಡೆಯುತ್ತದೆ. ಪಟ್ಟಿಯ ಹಿಂದೆ ಗಾಳಿಯ ಒತ್ತಡ ಕಡಿಮೆ ಆಗುತ್ತದೆ. ಮುಂದೆ ಒತ್ತಡ ಜಾಸ್ತಿ, ಹಿಂದೆ ಕಡಿಮೆ ಆದರೆ ರೇಡಿಯೇಟರ್ ಮೂಲಕ ಗಾಳಿ ಎಳೆದುಕೊಂಡು ಹೋಗುತ್ತದೆ.

ಪಟ್ಟಿ ಇಲ್ಲದಿದ್ದರೆ ಎರಡು ತೊಂದರೆ ಒಟ್ಟಿಗೆ ಆಗುತ್ತವೆ. ಬಂಪರಿಗೆ ಬಂದ ಗಾಳಿಗೆ ಅಡಿಯಲ್ಲಿ ಸುಲಭದ ದಾರಿ ಸಿಗುತ್ತದೆ, ಕಂಡೆನ್ಸರ್ ರೇಡಿಯೇಟರ್ ಎರಡರ ತೆಳು ತಗಡಿನ ರೆಕ್ಕೆಗಳ ನಡುವೆ ನುಸುಳುವುದಕ್ಕಿಂತ ಕೆಳಗೆ ಜಾರಿ ಹೋಗುತ್ತದೆ. ಹಾಗೆ ಹೋದ ಗಾಳಿಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿ ಎಂಜಿನ್ ಜಾಗಕ್ಕೆ ನುಗ್ಗಿ, ಹೊರಗೆ ಬರಬೇಕಾದ ಬಿಸಿ ಗಾಳಿಯನ್ನು ತಡೆಯುತ್ತದೆ.

ಇದು ವೇಗದ ಜೊತೆ ಹೇಗೆ ಬೆಳೆಯುತ್ತದೆ ಅಂತ ನೋಡಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 30ರಿಂದ 90ಕ್ಕೆ ಹೋದರೆ ವೇಗ 3 ಪಟ್ಟು, ಒತ್ತಡ 9 ಪಟ್ಟು. 30ರಲ್ಲಿ ಗಾಳಿ ಎಳೆಯುವ ಕೆಲಸ ಹೆಚ್ಚಾಗಿ ಫ್ಯಾನಿನದ್ದೇ, ಪಟ್ಟಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. 90ರಲ್ಲಿ ಫ್ಯಾನಿನ ಶಕ್ತಿ ಎದುರು ಗಾಳಿಯ ಮುಂದೆ ಸಣ್ಣದು. ಅಲ್ಲಿ ಗಾಳಿ ಯಾವ ಕಡೆ ಹೋಗಬೇಕು ಅಂತ ತೀರ್ಮಾನ ಮಾಡುವುದು ಬಂಪರಿನ ಆಕಾರ ಮತ್ತು ಅದರ ಕೆಳಗಿನ ಈ ಪಟ್ಟಿ.

ಇದು ಹೊಸ ವಿದ್ಯೆಯೂ ಅಲ್ಲ. ಅಮೆರಿಕದಲ್ಲಿ 1982ರಲ್ಲಿ ಬಂದ ಪಾಂಟಿಯಾಕ್ ಫೈರ್‌ಬರ್ಡ್, 1984ರ ಷೆವ್ರೊಲೆ ಕಾರ್ವೆಟ್ ಈ ಕಾರುಗಳಿಗೆ ಮುಂದೆ ದೊಡ್ಡ ಗ್ರಿಲ್ಲೇ ಇಲ್ಲ. ರೇಡಿಯೇಟರಿಗೆ ಬೇಕಾದ ಗಾಳಿಯನ್ನು ಬಂಪರ್ ಅಡಿಯಿಂದ ಈ ಪಟ್ಟಿಯೇ ಎತ್ತಿ ಕೊಡುತ್ತದೆ. ಪಟ್ಟಿ ಬಿದ್ದುಹೋದ ಕಾರು ಊರೊಳಗೆ ಚೆನ್ನಾಗಿಯೇ ಇರುತ್ತದೆ, ಹೆದ್ದಾರಿಗೆ ಹೋದರೆ ಕಾಯುತ್ತದೆ. ಆ ಕಾರುಗಳ ರಿಪೇರಿ ಮಾಡುವವರು ಹೆದ್ದಾರಿಯಲ್ಲಿ ಕಾಯುತ್ತದೆ ಅಂದರೆ ಮೊದಲು ಬಗ್ಗಿ ಪಟ್ಟಿ ಇದೆಯಾ ಅಂತ ನೋಡುತ್ತಾರೆ. 2019ರ ರ‍್ಯಾಮ್ 1500 ಪಿಕಪ್‌ನಲ್ಲಂತೂ ಪಟ್ಟಿ ತಾನೇ ಕೆಳಗೆ ಇಳಿಯುತ್ತದೆ, ಅದೂ ಗಂಟೆಗೆ 35 ಮೈಲು, ಅಂದರೆ ಸುಮಾರು 56 ಕಿ.ಮೀ. ದಾಟಿದ ಮೇಲೆ. ಅದಕ್ಕಿಂತ ಕಡಿಮೆ ವೇಗದಲ್ಲಿ ಅದರ ಅಗತ್ಯ ಇಲ್ಲ ಅಂತ ಮಾಡಿದವರೇ ಒಪ್ಪಿಕೊಂಡಂತೆ.

ನಮ್ಮ ಯಜಮಾನರ ಕಾರಿಗೆ ಮುಂದೆ ಗ್ರಿಲ್ ಇದೆ, ಗಾಳಿ ಅಲ್ಲಿಂದಲೂ ಬರುತ್ತದೆ. ಹಾಗಾದರೆ ಪಟ್ಟಿ ಒಂದೇ ಕಾರಣವೋ, ಬೇರೆಯೂ ಇದೆಯೋ? ಅದನ್ನು ಕೂತು ಯೋಚಿಸಿ ಹೇಳಲಿಕ್ಕೆ ಆಗುವುದಿಲ್ಲ.

ಅವರ್ಸಾದಿಂದ ಅಮದಳ್ಳಿ

ಒಂದು ಭಾನುವಾರ ಗ್ಯಾರೇಜು ಮುಚ್ಚಿ ನಾನು, ನಮ್ಮ ಹುಡುಗ ಇಬ್ಬರೂ ಕಾರು ತೆಗೆದುಕೊಂಡು ಘಟ್ಟ ಇಳಿದೆವು. ಡಿಕ್ಕಿಯಲ್ಲಿ ಸ್ಕ್ಯಾನರ್, ಕೇಬಲ್ ಟೈ, ಲಾರಿಯ ಮಡ್‌ಗಾರ್ಡ್ ರಬ್ಬರಿನಿಂದ ಕೊಯ್ದ ಆರು ಸೆಂಟಿಮೀಟರ್ ಅಗಲದ ಒಂದು ಪಟ್ಟಿ, ಕೆಂಪು ಉಲ್ಲನ್ ದಾರ, ತಂಗಿಯ ಮಗನಿಂದ ಇಸಿದುಕೊಂಡ ಚಿಕ್ಕ ಕ್ಯಾಮೆರಾ.

ಶಿರೂರು ಗುಡ್ಡದ ಬುಡದಲ್ಲಿ ನಾನು ಸ್ಕ್ಯಾನರ್ ಮುಚ್ಚಿಡಲು ಹೇಳಿದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಬಿದ್ದ ಜಾಗ ಅದು. ಅಲ್ಲಿ ಹಾಯುವಾಗ ಮೀಟರ್ ನೋಡಿಕೊಂಡು ಕೂರಲು ಮನಸ್ಸು ಬರುವುದಿಲ್ಲ. ಪರೀಕ್ಷೆಗೆ ಆರಿಸಿಕೊಂಡದ್ದು ಅಂಕೋಲಾ ದಾಟಿದ ಮೇಲೆ, ಅವರ್ಸಾದಿಂದ ಅಮದಳ್ಳಿ ಕಡೆಗೆ ಸುಮಾರು ಹತ್ತು ಕಿಲೋಮೀಟರ್. ಯಜಮಾನರು ನಿಂತ ಜಾಗವೂ ಅದೇ. ಹೋಗಿ ಅದೇ ದಾರಿಯಲ್ಲಿ ವಾಪಸ್ ಬಂದರೆ ಒಂದು ಸುತ್ತು. ಸಮುದ್ರದ ಗಾಳಿ ಒಂದು ಕಡೆಯಿಂದ ಬೀಸುತ್ತಿರುತ್ತದೆ, ಹೋಗುವಾಗ ಸಿಕ್ಕ ಲಾಭ ಬರುವಾಗ ಕಳೆದುಹೋಗಲಿ ಅಂತ ಹಾಗೆ ಮಾಡಿದೆವು. ವೇಗ 85, ಎ.ಸಿ. ಎರಡರಲ್ಲಿ, ಕಿಟಕಿ ಮುಚ್ಚಿ. ಹೊರಗೆ 33 ಡಿಗ್ರಿ.

ಮೊದಲ ಸುತ್ತು, ಕಾರು ಬಂದ ಹಾಗೆಯೇ. ಐದು ನಿಮಿಷದಲ್ಲಿ 99 ಆಯಿತು. ಫ್ಯಾನ್ ನಿಲ್ಲಲೇ ಇಲ್ಲ. ವಾಪಸ್ ಬರುವಾಗ 107. ರೇಡಿಯೇಟರಿಗೆ ಒತ್ತಡದ ಕ್ಯಾಪ್ ಇರುವುದರಿಂದ ನೀರು 100ಕ್ಕೆ ಕುದಿಯುವುದಿಲ್ಲ, 1.1 ಅಂತ ಬರೆದಿರುವ ಕ್ಯಾಪ್ ಇದ್ದರೆ ಸುಮಾರು 120ರವರೆಗೆ ತಡೆಯುತ್ತದೆ. ಆದರೂ ಕಾರಿನಲ್ಲಿ ಇದ್ದದ್ದು ನಾವಿಬ್ಬರೇ. ಐದು ಜನ, ಸಾಮಾನು, ಮಧ್ಯಾಹ್ನದ ಬಿಸಿಲು ಸೇರಿದರೆ ಕೆಂಪು ಲೈಟಿಗೆ ದೂರ ಇರಲಿಲ್ಲ. ವೇಗವನ್ನು 50ಕ್ಕೆ ಇಳಿಸಿದೆ. ಮೂರು ನಿಮಿಷದಲ್ಲಿ 98. ಯಜಮಾನರು ಹೇಳಿದ್ದು ಅಕ್ಷರಶಃ ಸರಿ.

ಎರಡನೇ ಸುತ್ತಿಗೆ ಬೇರೇನನ್ನೂ ಮುಟ್ಟಲಿಲ್ಲ. ರಸ್ತೆ ಬದಿಯಲ್ಲಿ ಗೋಣಿ ಹಾಸಿ ಮಲಗಿ, ಹಳೆಯ ತೂತುಗಳಿಗೇ ಕೇಬಲ್ ಟೈ ಹಾಕಿ ಲಾರಿ ರಬ್ಬರನ್ನು ಕಟ್ಟಿದೆವು. ಅತಿ ಜಾಸ್ತಿ ಅಂದರೆ 98 ಬಂತು.

ನಮ್ಮ ಹುಡುಗ ಸ್ಕ್ಯಾನರ್ ಹಿಡಿದುಕೊಂಡು ಮಾತಾಡಲಿಲ್ಲ. ಆಗಸ್ಟಿನಲ್ಲಿ ಚಾಕು ಹಿಡಿದವನು ಅವನು. "ನೀನು ಕೇಳಿದ್ದೆ ಅಲ್ವಾ, ಹೇಳಿದ್ದು ನಾನು" ಅಂದೆ.

ಇಲ್ಲಿಗೆ ನಿಲ್ಲಿಸಿದ್ದರೆ ಪಟ್ಟಿಯೊಂದೇ ಕಾರಣ ಅಂತ ಬರೆಯುತ್ತಿದ್ದೆ, ಅದು ಅರ್ಧ ಸತ್ಯ ಆಗುತ್ತಿತ್ತು. ಯಾಕಂದರೆ ಪಟ್ಟಿ ಕಿತ್ತುಹೋದ ಎಷ್ಟೋ ಕಾರುಗಳು ನಮ್ಮ ಕಣ್ಣೆದುರೇ ಗೋವಾಕ್ಕೆ ಹೋಗಿ ಬರುತ್ತಿವೆ, ಎಲ್ಲವೂ ಕಾಯುತ್ತಿಲ್ಲ. ಈ ಕಾರು ಮಾತ್ರ ಯಾಕೆ? ಅಂಕೋಲಾದಲ್ಲಿ ಪರಿಚಯದವರ ಸರ್ವೀಸ್ ಸ್ಟೇಷನ್ ಇದೆ. ಅಲ್ಲಿ ಮೇಲಿನ ಅಡ್ಡಪಟ್ಟಿ ಬಿಚ್ಚಿ, ರೇಡಿಯೇಟರನ್ನು ಹಿಂದಕ್ಕೆ ವಾಲಿಸಿ, ಅದಕ್ಕೂ ಕಂಡೆನ್ಸರಿಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟೆವು. ಹೊರಗಿನಿಂದ ನೋಡಿದರೆ ಕಾಣದ ಜಾಗ ಅದು. ಕೆಳಗಿನ ಮೂರನೇ ಒಂದು ಭಾಗ ಕಂಬಳಿ ಹೊದ್ದಂತಿತ್ತು. ಕೆಂಪು ಮಣ್ಣಿನ ಪುಡಿ, ಒಣ ಹುಲ್ಲು, ಹುಳಗಳ ರೆಕ್ಕೆ, ಅಡಿಕೆ ಸಿಪ್ಪೆಯ ನಾರು ಎಲ್ಲ ಸೇರಿ ಗಟ್ಟಿಯಾಗಿತ್ತು. ಕೈಯಿಂದ ಎಳೆದರೆ ತುಂಡು ತುಂಡಾಗಿ ಬಂತು. ಅಡಿಕೆ ಸುಲಿಯುವ ಕೊಟ್ಟಿಗೆಯ ಎದುರೇ ಅವರು ಕಾರು ನಿಲ್ಲಿಸುವುದು. ಬ್ರಷ್ ಹಿಡಿದು, ನೀರಿನ ಒತ್ತಡ ಕಡಿಮೆ ಇಟ್ಟು ಹಿಂದಿನಿಂದ ಮುಂದಕ್ಕೆ ತೊಳೆದೆವು. ಜೋರು ನೀರು ಬಿಟ್ಟರೆ ತಗಡಿನ ರೆಕ್ಕೆಗಳು ಮಡಚಿಹೋಗುತ್ತವೆ, ಆಮೇಲೆ ಗಾಳಿಯ ದಾರಿ ಶಾಶ್ವತವಾಗಿ ಬಂದ್.

ಮೂರನೇ ಸುತ್ತು: ತೊಳೆದ ಕಾರು, ಪಟ್ಟಿ ಬಿಚ್ಚಿಟ್ಟು. 101. ನಾಲ್ಕನೇ ಸುತ್ತು: ತೊಳೆದ ಕಾರು, ಪಟ್ಟಿ ಕಟ್ಟಿ. 94. ಅವತ್ತು ಮೊದಲ ಸಲ ಫ್ಯಾನ್ ನಡುನಡುವೆ ನಿಂತು ಸುಧಾರಿಸಿಕೊಂಡಿತು.

ಲೆಕ್ಕ ಬಿಡಿಸಿದರೆ ಹೀಗೆ. ಕಸ ಇದ್ದಾಗ ಪಟ್ಟಿ 9 ಡಿಗ್ರಿ ಇಳಿಸಿತು, ಕಸ ತೆಗೆದ ಮೇಲೆ 7. ಕಸ ತೆಗೆದದ್ದರ ಲಾಭ ಪಟ್ಟಿ ಇಲ್ಲದಾಗ 6, ಇದ್ದಾಗ 4. ಎರಡರಲ್ಲಿ ಯಾವುದಾದರೂ ಒಂದು ಸರಿ ಇದ್ದಿದ್ದರೂ ಯಜಮಾನರು ಅವರ್ಸಾದಲ್ಲಿ ನಿಲ್ಲುತ್ತಿರಲಿಲ್ಲ ಅಂತ ನನ್ನ ಅಂದಾಜು. ಎರಡೂ ಒಟ್ಟಿಗೆ ಕೈಕೊಟ್ಟವು. ಇದು ಒಂದು ಕಾರಿನ, ಒಂದು ದಿನದ ಲೆಕ್ಕ. ಬೇರೆ ಕಾರಿಗೆ ಅಂಕಿ ಬೇರೆ ಬರುತ್ತದೆ. ಆದರೆ ಪಟ್ಟಿ ಶೋಗೆ ಇರುವುದು ಅನ್ನುವ ಮಾತು ಇನ್ನು ನನ್ನ ಬಾಯಲ್ಲಿ ಬರುವುದಿಲ್ಲ.

ದಾರದ ಪರೀಕ್ಷೆಯನ್ನು ಕೊನೆಗೆ ಮಾಡಿದೆವು, ಅದು ನಮ್ಮಿಬ್ಬರ ಆಸೆಗೆ. ರೇಡಿಯೇಟರ್ ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗೆ ಒಂದೊಂದು ಗೇಣು ಉದ್ದದ ಆರು ಕೆಂಪು ದಾರ ಕಟ್ಟಿ, ಪಕ್ಕದಲ್ಲಿ ಕ್ಯಾಮೆರಾ ಬಿಗಿದು 60ರಲ್ಲಿ ಎರಡೆರಡು ಕಿಲೋಮೀಟರ್ ಓಡಿಸಿದೆ. ಪಟ್ಟಿ ಇದ್ದಾಗ ದಾರಗಳು ಹಿಂದಕ್ಕೆ, ಸ್ವಲ್ಪ ಕೆಳಕ್ಕೆ ಚಾಚಿಕೊಂಡು ನಡುಗುತ್ತಿದ್ದವು. ಪಟ್ಟಿ ತೆಗೆದಾಗ ನಡುವಿನ ನಾಲ್ಕು ದಾರ ಮೇಲಕ್ಕೆ ಎದ್ದು ಎಂಜಿನ್ ಕಡೆ ತಿರುಗಿ ಪಟಪಟ ಹೊಡೆದುಕೊಳ್ಳುತ್ತಿದ್ದವು. ಹಿತ್ತಿಲ ಬಾಗಿಲಿನಿಂದ ಗಾಳಿ ಒಳಗೆ ನುಗ್ಗುವುದು ಕಣ್ಣಿಗೆ ಕಂಡಿತು. ಆ ವಿಡಿಯೋವನ್ನು ಹುಡುಗ ಹತ್ತು ಸಲ ನೋಡಿದ. ನಾನೂ ನೋಡಿದೆ.

ಆಗಸ್ಟಿನಲ್ಲಿ ಕೊಯ್ದದ್ದು ಮಾರ್ಚಿನಲ್ಲಿ ಯಾಕೆ ಕಾಣಿಸಿತು?

ಯಜಮಾನರು ಕೇಳಿದ ಮೊದಲ ಪ್ರಶ್ನೆ ಇದೇ. ಆಗಸ್ಟಿನಲ್ಲಿ ಮಳೆ, ಹೊರಗೆ ತಂಪು, ಕರಾವಳಿಯ ರಸ್ತೆಯಲ್ಲಿ ಮಳೆಗೆ ಯಾರೂ 90ರಲ್ಲಿ ಹೋಗುವುದಿಲ್ಲ. ಎ.ಸಿ. ಹಾಕಿದರೂ ಅದಕ್ಕೆ ಜಾಸ್ತಿ ಕೆಲಸ ಇಲ್ಲ. ಆಮೇಲೆ ಅಡಿಕೆ ಕೊಯ್ಲು, ನಾರು ಹಾರಿ ಸಂದಿಯಲ್ಲಿ ಕೂತದ್ದು ಆಗ. ಮಾರ್ಚಿನಲ್ಲಿ ಸೆಕೆ ಏರಿತು, ಎ.ಸಿ. ಎರಡಕ್ಕೆ ಹೋಯಿತು. ಎ.ಸಿ. ಹಾಕಿದರೆ ಕಂಡೆನ್ಸರ್ ಬಿಸಿ ಗಾಳಿಯನ್ನೇ ಹಿಂದಿನ ರೇಡಿಯೇಟರಿಗೆ ಕೊಡುತ್ತದೆ. ಕಾರಣಕ್ಕೂ ಕಾಯಿಲೆಗೂ ನಡುವೆ ಏಳು ತಿಂಗಳು ಇದ್ದರೆ ಯಾರಿಗೆ ಹೊಳೆಯುತ್ತದೆ ಹೇಳಿ. ಥರ್ಮೋಸ್ಟಾಟ್ ಬದಲಾಯಿಸಿದವರನ್ನೂ ನಾನು ದೂರುವುದಿಲ್ಲ, ಅವರೂ ಅದೇ ಪಾಠ ಕಲಿತವರು.

ಘಟ್ಟದಲ್ಲಿ ಯಾಕೆ ಕಾಯಲಿಲ್ಲ? ಅವರಿಗೆ ಘಟ್ಟ ಹತ್ತುವಾಗ ಎ.ಸಿ. ಹಾಕುವ ಅಭ್ಯಾಸ ಇಲ್ಲ. ದೇವಿಮನೆಯ ಕಾಡಿನ ನೆರಳು, ಕಿಟಕಿ ತೆಗೆದು 30-35ರಲ್ಲಿ ಹತ್ತುತ್ತಾರೆ. ಅಲ್ಲಿ ಫ್ಯಾನಿನದ್ದೇ ಕಾರುಬಾರು, ಫ್ಯಾನ್ ಚೆನ್ನಾಗಿತ್ತು.

ಪೆಟ್ರೋಲ್ ಉಳಿಯುತ್ತದಾ ಅಂತಲೂ ಕೇಳಿದರು. ಸ್ವಲ್ಪ ಉಳಿಯುತ್ತದೆ, ಹೆದ್ದಾರಿಯಲ್ಲಿ ಮಾತ್ರ. ಕಾರಿನ ಹೊಟ್ಟೆಯ ಕೆಳಗೆ ಸೈಲೆನ್ಸರ್, ಪೈಪು, ಸಸ್ಪೆನ್ಷನ್ ಎಲ್ಲ ಏರುತಗ್ಗು. ಗಾಳಿ ಅದಕ್ಕೆಲ್ಲ ತಾಗುತ್ತಾ ಹೋದರೆ ಕಾರಿಗೆ ಎಳೆತ ಜಾಸ್ತಿ. ಪಟ್ಟಿ ಆ ಗಾಳಿಯನ್ನು ಕಡಿಮೆ ಮಾಡುತ್ತದೆ. ಕಾರಿನ ಮೂತಿ ಎತ್ತುವ ಬಲವೂ ಸ್ವಲ್ಪ ತಗ್ಗುತ್ತದೆ. ಒಂದು ಸಾಧಾರಣ ಹ್ಯಾಚ್‌ಬ್ಯಾಕಿಗೆ 40ರಲ್ಲಿ ಗಾಳಿಯ ತಡೆ ಸುಮಾರು 50 ನ್ಯೂಟನ್, 80ರಲ್ಲಿ 190ರ ಆಸುಪಾಸು. ಟೈರು ಉರುಳುವ ತಡೆ ಎರಡರಲ್ಲೂ ಹೆಚ್ಚುಕಡಿಮೆ 120 ನ್ಯೂಟನ್. ಹಾಗಾಗಿ ನಿಧಾನ ಹೋಗುವ ಶಿರಸಿ ಪೇಟೆಯಲ್ಲಿ ಟೈರಿನ ಗಾಳಿ ಸರಿ ಇಟ್ಟುಕೊಳ್ಳುವುದೇ ದೊಡ್ಡ ಉಳಿತಾಯ. ಪೆಟ್ರೋಲ್ ಉಳಿಸಲಿಕ್ಕೆ ಅಂತಲೇ ಪಟ್ಟಿ ಹಾಕಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಇದರ ಜೊತೆ ಇನ್ನೆರಡು ವಸ್ತುವನ್ನು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮುಂದಿನ ಟೈರುಗಳ ಎದುರು ಎರಡು ಸಣ್ಣ ರಬ್ಬರ್ ತುಂಡು ಇರುತ್ತವೆ, ಗಾಳಿ ತಿರುಗುವ ಟೈರಿಗೆ ನೇರ ಹೊಡೆಯದಂತೆ ಪಕ್ಕಕ್ಕೆ ಸರಿಸುತ್ತವೆ. ಅದು ಹೋದರೆ ಕಾರು ಕಾಯುವುದಿಲ್ಲ. ಎಂಜಿನ್ ಅಡಿಯಲ್ಲಿ ಇರುವ ಅಗಲವಾದ ಪ್ಲಾಸ್ಟಿಕ್ ಮುಚ್ಚಳ ಬೇರೆ. ನಮ್ಮ ಮಳೆಗೆ ಅದು ಬೇಕೇ ಬೇಕು. ಹೊಂಡದ ನೀರು ನೇರ ಬೆಲ್ಟಿಗೆ, ಆಲ್ಟರ್ನೇಟರಿಗೆ ಸಿಡಿಯದಂತೆ ತಡೆಯುವುದು ಅದೇ. ಆಯಿಲ್ ಬದಲಾಯಿಸುವಾಗ ಬಿಚ್ಚಿದ್ದನ್ನು ಸ್ಕ್ರೂ ಸಿಗಲಿಲ್ಲ ಅಂತ ಮೂಲೆಗೆ ಎಸೆಯುವುದನ್ನು ನೋಡಿದ್ದೇನೆ, ಮನಸ್ಸಿಗೆ ಬೇಜಾರಾಗುತ್ತದೆ.

ಕಂಪನಿಯ ಹೊಸ ಪಟ್ಟಿ ತರಿಸಿದೆ. ಕ್ಲಿಪ್ಪು ಸೇರಿ ಸಾವಿರದೊಳಗೆ ಮುಗಿಯಿತು, ಆ ದುಡ್ಡನ್ನು ನಾನು ತೆಗೆದುಕೊಳ್ಳಲಿಲ್ಲ. ಯಜಮಾನರಿಗೆ ಆಗಸ್ಟಿನ ಸಂಗತಿ ಹೇಳಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಅಲ್ಲೇ ನಿಂತಿದ್ದೆ ತಮ್ಮಾ, ನಾನೂ ಬೇಡ ಅನ್ನಲಿಲ್ಲ" ಅಂದರು. ಆಮೇಲೆ ಬಗ್ಗಿ ಹೊಸ ಪಟ್ಟಿಯನ್ನು ಬೆರಳಿನಿಂದ ಹಿಂದಕ್ಕೆ ಮುಂದಕ್ಕೆ ಬಗ್ಗಿಸಿ ನೋಡಿದರು.

"ಇದು ಮತ್ತೆ ಆ ಕಲ್ಲಿಗೆ ತಾಗ್ತದಲ್ಲ?"

"ತಾಗಲಿ ಯಜಮಾನ್ರೆ. ತಾಗಿದ್ರೆ ಬಗ್ಗಲಿ ಅಂತಲೇ ರಬ್ಬರಿಂದ ಮಾಡಿದ್ದು. ಉಜ್ಜಿದ ಸದ್ದು ಬಂದ್ರೆ ಹೆದರಬೇಡಿ. ಒಂದು ಬದಿ ಕಿತ್ತು ನೇತಾಡಿದ್ರೆ ಮಾತ್ರ ಕೊಯ್ಯದೆ ಇಲ್ಲಿಗೆ ತನ್ನಿ."

ಪ್ರತಿ ಕೊಯ್ಲು ಮುಗಿದ ಮೇಲೆ ಕಂಡೆನ್ಸರ್ ಸಂದಿ ತೊಳೆಸಲು ಹೇಳಿದ್ದೇನೆ. ಕೊಟ್ಟಿಗೆ ಎದುರು ನಿಲ್ಲಿಸುವಾಗ ಕಾರಿನ ಮೂತಿ ಆ ಕಡೆ ಇಡುವುದನ್ನು ಅವರೇ ನಿಲ್ಲಿಸಿದರು. ಮೇ ತಿಂಗಳಲ್ಲಿ ಎರಡು ಸಲ ಕಾರವಾರಕ್ಕೆ ಹೋಗಿ ಬಂದರು, ಒಂದು ಸಲ ಐದು ಜನ ಕೂತು. ಲೈಟು ಬರಲಿಲ್ಲ.

ಜುಲೈನಲ್ಲಿ ಜೋರು ಮಳೆಯ ಒಂದು ಬೆಳಿಗ್ಗೆ ಕಾರು ಮತ್ತೆ ಬಂತು. ಎಡಬದಿ ಪಟ್ಟಿ ಜೋತುಬಿದ್ದಿತ್ತು, ಚಿರೆಕಲ್ಲಿನ ಕೆಂಪು ಅದರ ಅಂಚಿಗೆ ಹತ್ತಿತ್ತು. ನಾನು ಏಳುವ ಮೊದಲೇ ನಮ್ಮ ಹುಡುಗ ಕ್ಲಿಪ್ಪಿನ ಡಬ್ಬಿ ಹಿಡಿದು ಕಾರಿನ ಕೆಳಗೆ ಹೋಗಿದ್ದ. "ಅಣ್ಣ, ಎರಡು ಹೋಗಿದೆ ಅಷ್ಟೇ" ಅಂದ. ಹತ್ತು ನಿಮಿಷದಲ್ಲಿ ಹಾಕಿ ಕಳಿಸಿದೆವು.